ಹಾನಗಲ್ ಶಾಂತವ್ವನ ಮಳೆಗಾಲ

ಹೋದ ವಾರ ಸಿರಸಿಯಲ್ಲಿ ಮರದ ಮಿಲ್ಲೊಂದರ ಎದುರು ಆಟೋಕ್ಕೆ ಕಾಯುತ್ತ ನಿಂತಿದ್ದೆ. ಒಳಗೆ ಯಾರೋ ಹಲಸಿನ ದಿಮ್ಮಿ ಸೀಳಿಸುತ್ತಿದ್ದರು. ಹಸಿ ಹಲಸಿನ ಹೊಟ್ಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಸಿಟ್ಟು ನೆತ್ತಿಗೇರಿತು. ಬೇರೆಯವರಿಗೆ ಇಂಥ ವಾಸನೆಯಿಂದ ಅಜ್ಜಿಯ ನೆನಪೋ, ಶಾಲೆಯ ನೆನಪೋ ಬರುತ್ತದಂತೆ. ನನಗೆ ಬರುವುದು ಹಾನಗಲ್ಲಿನ ಶಾಂತವ್ವನ ನೆನಪು. ಆಕೆಯನ್ನು ನಾನು ಒಮ್ಮೆಯೂ ಕಣ್ಣಿಂದ ಕಂಡವಳಲ್ಲ. ಆದರೂ ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲವಿಡೀ ಆಕೆಯನ್ನು ನಂಬಿದಷ್ಟು ಇನ್ನಾರನ್ನೂ ನಂಬಿರಲಿಲ್ಲ.

ನಮ್ಮದು ಸಿರಸಿ ಪೇಟೆಯಲ್ಲಿ ಒಂದು ಬಾಡಿಗೆ ಮನೆ. ಇವರು, ಅಂದರೆ ನನ್ನ ಗಂಡ, ಹಾನಗಲ್ ಕಡೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್. ಹಿತ್ತಿಲಿನಲ್ಲಿ ಬಟ್ಟೆ ಒಗೆಯುವ ಕಲ್ಲು, ನೀರಿನ ನೀಲಿ ಡ್ರಮ್ಮು, ಅದರ ಹಿಂದೆ ಕೆಂಪುಕಲ್ಲಿನ ಹಳೇ ಗೋಡೆ. ಆ ಗೋಡೆಯ ಸಂದಿಯಲ್ಲಿ ಮಿಸ್ರಿ ಜೇನು ಇತ್ತು. ಮಿಸ್ರಿ ಎಂದರೆ ಇರುವೆಯಷ್ಟೇ ದೊಡ್ಡ ಜೇನು, ಚುಚ್ಚುವುದಿಲ್ಲ. ಗೂಡಿನ ಬಾಯಿಗೆ ಮೇಣದ ಪುಟ್ಟ ಕೊಳವೆ ಕಟ್ಟಿಕೊಂಡು ತನ್ನ ಪಾಡಿಗೆ ತಾನಿರುತ್ತದೆ. ಮನೆ ಮಾಲಿಕರು ಗೋಡೆಗೆ ಸಿಮೆಂಟು ಬಳಿಸುತ್ತೇನೆ ಎಂದಾಗ ನಾನು ಹಟ ಹಿಡಿದು ಅವುಗಳಿಗೊಂದು ಪೆಟ್ಟಿಗೆ ಮಾಡಲು ಕುಳಿತೆ. ನನ್ನ ಅಪ್ಪ ಯಲ್ಲಾಪುರದ ಒಂದು ಮರದ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದವರು. ಹಲಗೆಯ ತುಂಡುಗಳೇ ನಮ್ಮ ಆಟಿಕೆ. ಹಾಗಾಗಿ ಸುತ್ತಿಗೆ, ಗರಗಸ ನನಗೆ ಸೌಟು, ಲಟ್ಟಣಿಗೆಗಿಂತ ಹೊಸದಲ್ಲ.

ಮೊದಲು ಮಾಡಿದ ಪೆಟ್ಟಿಗೆಗಳು ದೇವರಿಗೇ ಪ್ರೀತಿ. ಒಂದರಲ್ಲಿ ಇರುವೆ ಸಂಸಾರ ಹೂಡಿತು, ಇನ್ನೊಂದು ಬಿಸಿಲಿಗೆ ಬಾಯಿ ಬಿಟ್ಟಿತು. ಮಾಡಿ ಕೆಡಿಸಿ, ಕೆಡಿಸಿ ಮಾಡಿ, ಕೊನೆಗೊಂದು ಹದಕ್ಕೆ ಬಂತು. ಎರಡು ಅಂತಸ್ತು. ಕೆಳಗೆ ಮೊಟ್ಟೆ, ಮೇಲೆ ತುಪ್ಪ, ನಡುವೆ ಸಂದಿ ಬಿಟ್ಟ ತೆಳು ಹಲಗೆ. ಮೇಲಿನ ಅಂತಸ್ತನ್ನಷ್ಟೇ ಬಿಚ್ಚಿ ಜೇನುತುಪ್ಪ ತೆಗೆಯಬಹುದು, ಮರಿಗಳಿಗೆ ಗೊತ್ತೇ ಆಗುವುದಿಲ್ಲ. ಗೂಡು ಹರಿದು, ಹಿಂಡಿ, ಅರ್ಧ ಸಂಸಾರ ಕೊಂದು ತುಪ್ಪ ತೆಗೆಯುವುದನ್ನು ಚಿಕ್ಕಂದಿನಿಂದ ನೋಡಿದ ನನಗೆ ಇದು ಸಣ್ಣ ವಿಷಯವಾಗಿ ಕಾಣಲಿಲ್ಲ.

ಆದರೆ ಹಿತ್ತಲ ಗಿಡ ಮದ್ದಲ್ಲ. ಸಿದ್ದಾಪುರದ ಅಕ್ಕ ಒಂದು ಪೆಟ್ಟಿಗೆ ಒಯ್ದು, "ನಮ್ಮ ಕೂಸು ಮಾಡಿದ್ದು" ಎಂದು ಬಂದವರಿಗೆಲ್ಲ ತೋರಿಸಿ ಟಿವಿಯ ಪಕ್ಕ ಇಟ್ಟಳು. ಜೇನು ಹಾಕಲೇ ಇಲ್ಲ. ಭಾವ ಅದರ ಮೇಲೆ ಕನ್ನಡಕ ಇಡುತ್ತಿದ್ದರು. ನೆಂಟರೆಲ್ಲ ಹೊಗಳಿದರು, ನಾನು ಗೊಂಬೆ ಹೊಲಿದಿದ್ದರೂ ಅಷ್ಟೇ ಹೊಗಳುತ್ತಿದ್ದರು. ಇವರಂತೂ ಬಾಯಿ ಬಿಟ್ಟು ಒಂದು ಮಾತು ಹೇಳಿದವರಲ್ಲ. ಪೆಟ್ಟಿಗೆ ತೋರಿಸಿದರೆ "ಅಡ್ಡಿಲ್ಲೆ" ಎನ್ನುತ್ತಿದ್ದರು. ಸಾರಿಗೂ ಅಡ್ಡಿಲ್ಲೆ, ಸೀರೆಗೂ ಅಡ್ಡಿಲ್ಲೆ. ನನಗೆ ಬೇಕಾಗಿದ್ದು ಒಬ್ಬ ಹೊರಗಿನವರು. ನನ್ನ ಊರು, ಕುಲ, ಅಡುಗೆ ಯಾವುದೂ ಗೊತ್ತಿಲ್ಲದವರು, ಪೆಟ್ಟಿಗೆಯನ್ನಷ್ಟೇ ನೋಡಿ "ಇದು ಒಳ್ಳೇದಿದೆ" ಎನ್ನಬೇಕು. ಇಷ್ಟೇ ಆಸೆ. ಕೇಳಲು ಸಣ್ಣದು, ನನಗೆ ಅದೇ ದೊಡ್ಡದಾಗಿತ್ತು.

ಮೊಬೈಲಿನಲ್ಲಿ ಜೇನು ಸಾಕುವವರ ಒಂದು ಗುಂಪಿತ್ತು. ರಾಜ್ಯದ ಎಲ್ಲ ಕಡೆಯವರೂ ಅದರಲ್ಲಿದ್ದರು. ಸೇರಿದ ದಿನವೇ ಪೆಟ್ಟಿಗೆಯ ಫೋಟೋ ಹಾಕಿ, ಕೆಳಗೆ ಫೋನ್ ನಂಬರು ಬರೆದೆ. ಬಟ್ಟೆ ಒಣಹಾಕಿ ಬರುವುದರೊಳಗೆ ಪೋಸ್ಟು ಮಾಯ. ಗುಂಪಿನ ಅಡ್ಮಿನ್ ತುಮಕೂರು ಕಡೆಯ ನಿವೃತ್ತ ಮೇಷ್ಟ್ರು. ಅವರಿಂದ ಒಂದು ಸಂದೇಶ ಬಂದಿತ್ತು: "ಮೇಡಂ, ಇದು ಸಂತೆಯಲ್ಲ. ಮೊದಲು ನಾಲ್ಕು ಜನರ ಕಷ್ಟಕ್ಕೆ ಉತ್ತರ ಕೊಡಿ. ನಿಮ್ಮ ಕೆಲಸ ಚೆನ್ನಾಗಿದ್ದರೆ ಅವರೇ ಕೇಳುತ್ತಾರೆ."

ಮುಖಕ್ಕೆ ಹೊಡೆದ ಹಾಗಾಯಿತು. ಎರಡು ದಿನ ಮೇಷ್ಟ್ರನ್ನು ಬೈದುಕೊಂಡೇ ಅಡುಗೆ ಮಾಡಿದೆ. ಆಮೇಲೆ ಅವರು ಹೇಳಿದ್ದು ಸರಿ ಅನಿಸಿತು. ಗುಂಪಿನಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ದೀಪಾವಳಿಯ ಹೊತ್ತಿಗೆ ಸದಸ್ಯರೊಬ್ಬರು ಮಾಡಿದ ಪೆಟ್ಟಿಗೆಯನ್ನು ಎಲ್ಲರೂ ಸೇರಿ ಆರಿಸಿ, ಬೇರೆ ಬೇರೆ ಜಿಲ್ಲೆಗಳ ಹಿತ್ತಿಲಲ್ಲಿಟ್ಟು ಒಂದು ವರ್ಷ ನೋಡುತ್ತಿದ್ದರು. ಕೋಲಾರದ ಬಿಸಿಲಿಗೆ ಹೇಗೆ, ಕೊಡಗಿನ ಥಂಡಿಗೆ ಹೇಗೆ ಎಂದು. ನನ್ನ ಪೆಟ್ಟಿಗೆ ಆ ಪರೀಕ್ಷೆಗೆ ಹೋಗಬೇಕು ಎಂದು ಮನಸ್ಸು ಕಚ್ಚಿ ಕುಳಿತಿತು.

ಮಳೆ ಹಿಡಿಯಿತು. ಸಿರಸಿಯ ಮಳೆ ಹಿಡಿದರೆ ಜಗುಲಿಯ ಹಗ್ಗದ ಮೇಲಿನ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಕೊಯ್ದ ಹಲಗೆಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿಕೊಂಡು, ಮಧ್ಯಾಹ್ನ ಊಟ ಮುಗಿಸಿ ಮೊಬೈಲ್ ಹಿಡಿಯುತ್ತಿದ್ದೆ. "ಮಿಸ್ರಿ ಬಾಗಿಲ ಕೊಳವೆ ಮುಚ್ಚಿಕೊಂಡಿದೆ, ಸತ್ತಿವೆಯೇ?" ಎಂದು ಯಾರೋ ಕೇಳಿದರೆ, ಇಲ್ಲ, ಥಂಡಿಗೆ ಮುಚ್ಚಿಕೊಂಡಿವೆ, ಕೈ ಹಾಕಬೇಡಿ ಎಂದು ಬರೆಯುತ್ತಿದ್ದೆ. ಇರುವೆ ಹತ್ತಿದರೆ ಪೆಟ್ಟಿಗೆಯ ಕಾಲಿಗೆ ಎಣ್ಣೆಬಟ್ಟೆ ಸುತ್ತಿ ಎನ್ನುತ್ತಿದ್ದೆ. ಇಲ್ಲೇ ಹತ್ತಿರದ ಮತ್ತಿಘಟ್ಟದ ಶ್ರೀಪಾದ ಎಂಬವನ ಗೂಡಿಗೆ ನೊಣದ ಹುಳು ಬಿದ್ದಿತ್ತು. ಫೋಟೋ ತರಿಸಿಕೊಂಡು, ಯಾವ ಭಾಗ ಕೊಯ್ದು ಎಸೆಯಬೇಕು, ಯಾವುದನ್ನು ಉಳಿಸಬೇಕು ಎಂದು ಒಂದೊಂದಾಗಿ ಹೇಳಿ ಆ ಗೂಡನ್ನು ಉಳಿಸಿಕೊಟ್ಟೆ. "ಅಕ್ಕಾ, ನೀನು ನಮ್ಮನೆ ದೇವ್ರು" ಎಂದು ಬರೆದ. ನನ್ನ ಪೆಟ್ಟಿಗೆಯ ಸುದ್ದಿ ನಾನೆತ್ತಲಿಲ್ಲ. ಅವನೂ ಕೇಳಲಿಲ್ಲ.

ಯಾರೂ ಕೇಳಲಿಲ್ಲ. ಆಷಾಢ ಅರ್ಧವಾಯಿತು. ಭಾನುವಾರ ಮಾತ್ರ ಅವರವರು ಮಾಡಿದ್ದನ್ನು ತೋರಿಸಬಹುದು ಎಂಬ ನಿಯಮದಂತೆ ಪೆಟ್ಟಿಗೆಯ ಫೋಟೋ ಹಾಕಿದೆ. ಒಗೆಯುವ ಕಲ್ಲಿನ ಮೇಲಿಟ್ಟು, ಮಳೆ ಬಿಟ್ಟ ಹೊತ್ತಿನಲ್ಲಿ, ಒಳ್ಳೆ ಬೆಳಕಿನಲ್ಲಿ ತೆಗೆದ ಫೋಟೋ. ಒಂದೆರಡು ಲೈಕು ಬಿದ್ದವು, ಅದರಲ್ಲೊಂದು ಅಕ್ಕನ ಮಗಳದು. ಆ ಸಂಜೆ ಇವರಿಗೆ ಬಡಿಸುತ್ತ ಅತ್ತೇಬಿಟ್ಟೆ. "ಅಷ್ಟೆಲ್ಲ ಜನಕ್ಕೆ ಹೇಳ್ಕೊಟ್ಟೆ, ಒಬ್ರೂ ಕಣ್ಣೆತ್ತಿ ನೋಡಿದ್ವಿಲ್ಲೆ" ಎಂದೆ. ಇವರು ತಲೆ ತಗ್ಗಿಸಿ ಮಜ್ಜಿಗೆ ಅನ್ನ ಕಲಸುತ್ತಿದ್ದರು. "ನೋಡ್ತ ಬಿಡೆ" ಎಂದರು, ಅಷ್ಟೇ.

ಮುಂದಿನ ವಾರ ಶಾಂತವ್ವ ಬಂದರು.

"ಅಕ್ಕಾರ, ನಿಮ್ಮ ಪೆಟ್ಟಿಗಿ ನೋಡಿದೆ. ಭಾಳ ಚಲೋ ಕಾಣಸ್ತೈತ್ರಿ. ನಡುವಿನ ಹಲಗಿ ಯಾಕ ಹಂಗ ಸಂದಿ ಬಿಟ್ಟೀರಿ? ನಾ ಹಾನಗಲ್ಲಾಕಿ. ತಿಳಿದಿಲ್ಲಂತ ಕೇಳಾಕತ್ತೀನಿ, ಬ್ಯಾಸರಾ ಮಾಡ್ಕೋಬ್ಯಾಡ್ರಿ."

ನಾನು ಒಲೆ ಆರಿಸಿ ಬಂದು ಉತ್ತರ ಬರೆದೆ. ಇಷ್ಟುದ್ದ. ಹಲಗೆ ಯಾಕೆ ಹಾಗೆ, ಸಂದಿ ಯಾಕೆ ಅಷ್ಟೇ, ಮರ ಯಾಕೆ ಹಲಸಿನದು, ಎಲ್ಲ. ಅದನ್ನು ಓದಿ ಶಿವಮೊಗ್ಗದ ಒಬ್ಬರು ಇನ್ನೊಂದು ಪ್ರಶ್ನೆ ಕೇಳಿದರು. ಅವರ ಹಿಂದೆ ಕೊಡಗಿನವರೊಬ್ಬರು. ಮೇಷ್ಟ್ರೇ ಬಂದು "ಒಳ್ಳೆಯ ವಿವರಣೆ" ಎಂದು ಬರೆದರು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಅಲ್ಲಿಂದ ಶ್ರಾವಣವಿಡೀ ಶಾಂತವ್ವನದೇ ಧ್ಯಾನ. ಆಕೆ ಬರೀ ಹೊಗಳುವವರಾಗಿದ್ದರೆ ನನಗೆ ಅನುಮಾನ ಬರುತ್ತಿತ್ತೇನೋ. ಆಕೆ ತಪ್ಪನ್ನೂ ಹುಡುಕುತ್ತಿದ್ದರು. "ಮುಚ್ಚಳ ಸಪಾಟ ಐತಲ್ರಿ, ನೀರು ನಿಂತು ಒಳಗ ಇಳಿಯೂದಿಲ್ಲೇನು?" ಎಂದು ಕೇಳಿದ ದಿನ ನಾನು ಹಿತ್ತಿಲಿಗೆ ಓಡಿಹೋಗಿ ನೋಡಿದರೆ, ಹೌದು, ಮುಚ್ಚಳದ ಒಳಬದಿ ಒದ್ದೆ. ಎಷ್ಟು ಸೂಕ್ಷ್ಮ ಈ ಹೆಂಗಸಿಗೆ, ಫೋಟೋ ನೋಡಿಯೇ ಹೇಳಿದರಲ್ಲ ಎಂದುಕೊಂಡೆ. ಮುಚ್ಚಳವನ್ನು ಇಳಿಜಾರು ಮಾಡಿ, ಅಂಚನ್ನು ಮುಂದಕ್ಕೆ ಚಾಚಿ ಹೊಸ ಫೋಟೋ ಹಾಕಿದೆ. "ಈಗ ಆತು ನೋಡ್ರಿ ಗಂಡುಮೆಟ್ಟಿನ ಪೆಟ್ಟಿಗಿ!" ಎಂದು ಬರೆದರು.

ಈ ಮಾತುಗಳನ್ನೆಲ್ಲ ನಾನು ಊಟದ ಹೊತ್ತಿಗೆ ಇವರಿಗೆ ಓದಿ ಹೇಳುತ್ತಿದ್ದೆ. ಹಾನಗಲ್ ಕಡೆಯ ಎಳೆತದಲ್ಲೇ ಓದಲು ನೋಡುತ್ತಿದ್ದೆ, ಬರುತ್ತಿರಲಿಲ್ಲ. ಇವರು ನಗುತ್ತಿದ್ದರು. "ಹೌದನೆ? ಯಾರಡ ಅದು?" ಎಂದು ಕೇಳುತ್ತಿದ್ದರು. "ಮತ್ತೆ ಎಂತ ಬರದ್ದು?" ಎಂದು ತಾವಾಗಿಯೇ ವಿಚಾರಿಸುತ್ತಿದ್ದರು. ಮದುವೆಯಾದಲ್ಲಿಂದ ಇವರು ನನ್ನ ಮಾತನ್ನು ಅಷ್ಟು ಕಿವಿಗೊಟ್ಟು ಕೇಳಿದ್ದು ಅದೇ ಮೊದಲು ಎಂದು ನನಗೆ ಖುಷಿಯೋ ಖುಷಿ.

ಗೌರಿ ಹಬ್ಬದ ಮುಂಚೆ ಶಾಂತವ್ವ ತಮ್ಮ ಕಷ್ಟ ಬರೆದರು. ಗಂಡ ತೀರಿಹೋಗಿದ್ದಾರೆ, ಗಂಡನ ಅಂಗಿಯ ಗುಂಡಿ ಹಾಕುತ್ತಿದ್ದ ಕೈ ಈಗ ನಡುಗುತ್ತದೆ, ಹಿತ್ತಿಲಲ್ಲಿ ಜೇನು ಕುಟುಂಬ ಇದ್ದರೆ ಮನೆಯಲ್ಲಿ ಯಾರೋ ಇದ್ದ ಹಾಗೆ ಅನಿಸುತ್ತದೆ ಎಂದು. ನಾನು ದೇವರ ಮುಂದೆ ದೀಪ ಹಚ್ಚುವಾಗ ಆಕೆಯ ಹೆಸರನ್ನೂ ಹೇಳಿದೆ. ಒಂದು ಪೆಟ್ಟಿಗೆಯನ್ನು ಆಕೆಗೆಂದೇ ಮಾಡಿ, ಉಜ್ಜಿ ನುಣುಪು ಮಾಡಿ, "ನಿಂಗಳ ಬಸ್ಸಿಗೇ ಆನು ಒಂದಿನ ಹಾನಗಲ್ಲಿಗೆ ಬತ್ತೆ. ಶಾಂತವ್ವನ್ನ ನೋಡ್ಕಂಡು, ಇದನ್ನ ಕೊಟ್ಟು ಬಪ್ಪನ" ಎಂದು ಇವರಿಗೆ ಹೇಳಿದೆ. ಇವರು ರಸ್ತೆ ಕೆಟ್ಟಿದೆ ಎಂದರು. ಮತ್ತೊಮ್ಮೆ ಕೇಳಿದಾಗ ಆಕೆ ಮಗಳ ಮನೆಗೆ ಹೋಗಿರಬಹುದು ಎಂದರು. "ನಿಂಗಕ್ಕೆ ಹೆಂಗೆ ಗೊತ್ತು?" ಎಂದೆ. "ಅಂದಾಜಿಗೆ ಹೇಳಿದ್ದು ಮಾರಾಯ್ತಿ" ಎಂದು ಎದ್ದು ಕೈತೊಳೆಯಲು ಹೋದರು. ಪೆಟ್ಟಿಗೆಯನ್ನು ಇವರ ಕೈಯಲ್ಲೇ ಕೊಟ್ಟು ಕಳಿಸಿದೆ. ಮುಟ್ಟಿತು ಎಂದು ಶಾಂತವ್ವ ಕೈಮುಗಿದ ಚಿತ್ರ ಹಾಕಿ ಬರೆದರು.

ದೀಪಾವಳಿ ಬಂತು, ಆಯ್ಕೆಯ ಮಾತು ಎದ್ದಿತು. ಕೊನೆಗೆ ಉಳಿದದ್ದು ಎರಡೇ ಪೆಟ್ಟಿಗೆ: ಚಿಕ್ಕಮಗಳೂರಿನವರೊಬ್ಬರದು, ನನ್ನದು. ಮೇಷ್ಟ್ರು ಸರಿಯಾದ ಪ್ರಶ್ನೆಯನ್ನೇ ಕೇಳಿದರು. ಮಾಡಿದವರ ಮಾತು ಸಾಕು, ಈ ಪೆಟ್ಟಿಗೆಗಳನ್ನು ಬಳಸಿದವರು ಯಾರಾದರೂ ಇದ್ದಾರೆಯೇ? ಆಮೇಲೆ ಶಾಂತವ್ವ ಬಂದರು. "ನಮ್ಮ ಹಿತ್ತಲದಾಗ ಇಟ್ಟೀನ್ರಿ. ಒಂದು ಹನಿ ನೀರು ಹೋಗಿಲ್ಲ. ಜೇನಹುಳ ಎಲ್ಲಾ ಅರಾಮ ಅದಾವ." ಜೊತೆಗೊಂದು ಫೋಟೋ.

ನಾನು ಫೋಟೋವನ್ನು ಸರಿಯಾಗಿ ನೋಡಲೂ ಇಲ್ಲ. ಸಂತೋಷಕ್ಕೆ ಕಣ್ಣು ಮಂಜಾಗಿತ್ತು. ಹೋಳಿಗೆಗೆ ಹೂರಣ ರುಬ್ಬಲು ಹೋದೆ.

ತಿರುಗಿ ಬಂದು ನೋಡಿದರೆ ಗುಂಪು ಹೊತ್ತಿ ಉರಿಯುತ್ತಿತ್ತು. ಯಾರೋ ಎರಡು ಫೋಟೋಗಳನ್ನು ಅಕ್ಕಪಕ್ಕ ಇಟ್ಟಿದ್ದರು. ಒಂದು ನಾನು ಆಷಾಢದಲ್ಲಿ ಹಾಕಿದ್ದು, ಇನ್ನೊಂದು ಶಾಂತವ್ವನದು. ಎರಡರಲ್ಲೂ ಮೂಲೆ ಒಡೆದ ಅದೇ ಒಗೆಯುವ ಕಲ್ಲು. ಎರಡರಲ್ಲೂ ಅದೇ ನೀಲಿ ಡ್ರಮ್ಮು. ಕೆಂಪು ಗೆರೆಯಿಂದ ವೃತ್ತ ಹಾಕಿ, ಕೆಳಗೆ ಬರೆದಿದ್ದರು: "ಹಾನಗಲ್ಲಿನ ಹಿತ್ತಿಲು ಸಿರಸಿಗೆ ಯಾವಾಗ ಬಂತು ಮೇಡಂ?"

ನಾನು ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಬಚ್ಚಲಿನ ಮೆಟ್ಟಿಲ ಮೇಲೆ ನಿಂತು ತೆಗೆದದ್ದು. ಬೆಳಿಗ್ಗೆ ಆ ಮೆಟ್ಟಿಲ ಮೇಲೆ ನಿಂತು ಹಲ್ಲುಜ್ಜುವವರು ಈ ಮನೆಯಲ್ಲಿ ಒಬ್ಬರೇ.

ಇವರು ಡ್ಯೂಟಿ ಮುಗಿಸಿ ಬರುವ ತನಕ ನಾನು ಜಗುಲಿಯಲ್ಲೇ ಕುಳಿತಿದ್ದೆ. ಹೂರಣ ಒಲೆಯ ಪಕ್ಕದಲ್ಲಿ ಹಾಗೇ ಇತ್ತು. ಬಂದವರು ನನ್ನ ಮುಖ ನೋಡಿದ್ದೇ ಚೀಲ ಕೆಳಗಿಟ್ಟರು.

"ಶಾಂತವ್ವ ಎಲ್ಲಿದ್ದು?" ಎಂದೆ.

ಸುಳ್ಳು ಹೇಳಲಿಲ್ಲ, ಅದೊಂದು ಪುಣ್ಯ. ಚಪ್ಪಲಿ ಕಳಚುತ್ತ ಹೇಳಿದರು: "ನೀನು ಅವತ್ತು ಅತ್ತೆ ಅಲ್ದಾ, ಎಂಗೆ ತಡಕಂಬಲೆ ಆಜಿಲ್ಲೆ. ಪಂಕ್ತಿಲಿ ಒಬ್ಬ ಮೊದ್ಲು ಕೇಳದಿದ್ರೆ ಎರಡ್ನೇ ಸಲ ಯಾರೂ ಬಡಿಸ್ಕತ್ವಿಲ್ಲೆ. ಪಾಯಸ ಚೊಲೊ ಆಯ್ದು ಹೇಳಿ ಎಲ್ಲರಿಗೂ ಗೊತ್ತಿರ್ತು, ಆದ್ರೆ ನಾಚ್ಕೆ. ಆನು ಕೂಗಿ 'ಇತ್ಲಾಗೆ ಇನ್ನೊಂದು ಸೌಟು' ಹೇಳಿ ಕೇಳ್ತೆ, ಆಮೇಲೆ ಇಡೀ ಪಂಕ್ತಿ ಕೇಳ್ತು. ಹಾಂಗಂತ ಪಾಯಸ ಸುಳ್ಳಾಗ್ತಾ?"

ಇದು ನಿಜ. ನಮ್ಮ ಕಡೆ ಯಾವ ಮನೆಯ ಊಟದಲ್ಲೂ ಅಂಥವನೊಬ್ಬ ಪಂಕ್ತಿಯಲ್ಲಿ ಬೇಕು. ಮನೆಯವರು ತಮ್ಮ ಅಡುಗೆಯನ್ನು ತಾವೇ ಹೊಗಳುವ ಹಾಗಿಲ್ಲ, ಉಣ್ಣುವವರು ಬಾಯಿ ಬಿಟ್ಟು ಕೇಳುವುದಿಲ್ಲ. ಅದಕ್ಕೇ ಸಂಕೋಚ ಬಿಟ್ಟವನೊಬ್ಬನನ್ನು ಸಾಲಿನ ನಡುವೆ ಕೂರಿಸುತ್ತಾರೆ. ನಮ್ಮ ನೆಂಟರ ಪೈಕಿ ಆ ಕೆಲಸ ಇವರದು. ಇವರು ಕುಳಿತ ಪಂಕ್ತಿಯಲ್ಲಿ ಪಾತ್ರೆ ಖಾಲಿಯಾಗದೆ ಇರುವುದಿಲ್ಲ ಎಂದು ಹೆಸರಿದೆ.

"ಪಂಕ್ತಿಲಿ ನಿಂಗ ನಿಂಗಳ ಮುಖ ಇಟ್ಗಂಡೇ ಕೂತಿರ್ತ್ರಿ" ಎಂದೆ. "ಬೇರೆ ಹೆಂಗಸಿನ ಹೆಸರು ಹೇಳ್ಕಂಡು ಯಾರ ಮನೆ ಪಾಯಸ ಕೇಳಿದ್ರಿ? ಆ ಗಂಡ ಸತ್ತಿದ್ದು? ಕೈ ನಡುಗದು? ಆನು ದೇವ್ರ ಎದುರಿಗೆ ಯಾರಿಗೆ ದೀಪ ಹಚ್ಚಿದ್ದು?"

"ಅದು ಸುಳ್ಳಲ್ಲ" ಎಂದರು. "ಬಸ್ಸಲ್ಲಿ ಒಂದು ಅಜ್ಜಿ ಹೇಳಿದ್ದು."

ಇದಂತೂ ನನಗೆ ತಡೆಯಲಾಗಲಿಲ್ಲ. ಯಾವುದೋ ಪಾಪದ ಹೆಂಗಸು ಟಿಕೆಟ್ ಕೊಡುವವನ ಹತ್ತಿರ ಮನಸ್ಸು ಬಿಚ್ಚಿದ್ದನ್ನೂ ತಂದು ನನ್ನ ಪೆಟ್ಟಿಗೆಗೆ ಬಳಿದಿದ್ದರು. ಆಕೆಗೆಂದು ಮಾಡಿದ ಪೆಟ್ಟಿಗೆ ಎಲ್ಲಿ ಎಂದು ಕೇಳಿದೆ. ಬಸ್ ಡಿಪೋದ ಕೋಣೆಯಲ್ಲಿ ಇಟ್ಟಿದ್ದರಂತೆ, ಫೋಟೋಕ್ಕೆಂದು ಒಂದು ಬೆಳಿಗ್ಗೆ ನಾನು ಹಾಲಿಗೆ ಹೋದಾಗ ಮನೆಗೆ ತಂದಿದ್ದರಂತೆ.

ನನಗೆ ಹೆಚ್ಚು ಚುಚ್ಚಿದ್ದು ಇದ್ಯಾವುದೂ ಅಲ್ಲ. ಆ ಮುಚ್ಚಳದ ಮಾತು. ನೀರು ಇಳಿಯುತ್ತಿದ್ದುದನ್ನು ಇವರು ಕಣ್ಣಾರೆ ನೋಡಿದ್ದರು. ಮನೆಯಲ್ಲಿ, ನನ್ನೆದುರಿಗೆ, ಒಂದು ವಾಕ್ಯದಲ್ಲಿ ಹೇಳಬಹುದಿತ್ತು. "ಚೊಲೊ ಆಯ್ದೆ" ಎನ್ನಲೂ ಬಹುದಿತ್ತು. ಅದನ್ನು ಹೇಳಲು ಇವರಿಗೆ ಇನ್ನೊಬ್ಬರ ಸೀರೆ ಉಟ್ಟುಕೊಂಡು ಬರಬೇಕಾಯಿತು. ನಾನು ದಿನವೂ ಓದಿ ಹೇಳುವಾಗ, "ಯಾರಡ ಅದು?" ಎಂದು ಕೇಳಿ ನಗುತ್ತಿದ್ದರಲ್ಲ, ಆ ನಗುವನ್ನು ನೆನೆದರೆ ಈಗಲೂ ಕೈಯಲ್ಲಿದ್ದ ಪಾತ್ರೆ ಕುಕ್ಕುತ್ತೇನೆ. ಸಾಲದ್ದಕ್ಕೆ ನಾನು ಎಳೆತ ಬರದೆ ಒದ್ದಾಡುವಾಗ ತಿದ್ದಿಯೂ ಕೊಡುತ್ತಿದ್ದರು.

ಮೇಷ್ಟ್ರಿಗೆ ನಡೆದದ್ದನ್ನೆಲ್ಲ ಬರೆದೆ. ಅವರು ಮರ್ಯಾದೆಯಿಂದಲೇ ಉತ್ತರಿಸಿದರು. "ನಾನು ನಂಬುತ್ತೇನೆ ಮೇಡಂ. ಆದರೆ ಗುಂಪಿಗೆ ಏನೆಂದು ಹೇಳಲಿ? ನಾಳೆ ಎಲ್ಲರ ಗಂಡಂದಿರೂ ಬರುತ್ತಾರೆ." ನನ್ನ ಪೆಟ್ಟಿಗೆಯನ್ನು ಆಯ್ಕೆಯಿಂದ ತೆಗೆದರು, ನನ್ನನ್ನು ಗುಂಪಿನಿಂದ ತೆಗೆದರು. ಅವರನ್ನು ದೂರಲಾರೆ. ಆದರೆ ತೆಗೆಯುವ ಮುಂಚೆ ಕೆಳಗೆ ಸಾಲುಸಾಲಾಗಿ ಬಂದ ಮಾತುಗಳಿದ್ದವಲ್ಲ, ಅವನ್ನು ಮರೆಯಲಾರೆ. ನನ್ನಿಂದ ಮಳೆಗಾಲ ಪೂರ್ತಿ ಉತ್ತರ ಪಡೆದವರಲ್ಲಿ ಒಬ್ಬರಾದರೂ "ಈ ಹೆಂಗಸು ನಮಗೆ ಹೇಳಿಕೊಟ್ಟದ್ದಂತೂ ಸುಳ್ಳಲ್ಲ" ಎನ್ನಲಿಲ್ಲ. ಮತ್ತಿಘಟ್ಟದ ಶ್ರೀಪಾದ, ನನ್ನನ್ನು ಮನೆ ದೇವರು ಎಂದವನು, ಹೀಗೆ ಬರೆದಿದ್ದ: "ನಂಗೆ ಮೊದ್ಲಿಂದ್ಲೂ ಅನುಮಾನ ಇತ್ತು." ಅವನ ಗೂಡು ಆಗ ತುಂಬಿ ತುಳುಕುತ್ತಿದ್ದಿರಬೇಕು.

ಒಂದು ಲೆಕ್ಕ ಮಾತ್ರ ನನಗೆ ಇವತ್ತಿಗೂ ಬಗೆಹರಿದಿಲ್ಲ. ಶಿವಮೊಗ್ಗದವರು, ಕೊಡಗಿನವರು, ಅವರೆಲ್ಲ ನಿಜವಾದ ಜನರೇ. ಆದರೆ ಶಾಂತವ್ವ ಕೇಳದಿದ್ದರೆ ಅವರು ಕೇಳುತ್ತಿದ್ದರೇ? ಇನ್ನೊಂದು ತಿಂಗಳು ಕಾದಿದ್ದರೆ, ಇನ್ನೊಂದು ಭಾನುವಾರ ಫೋಟೋ ಹಾಕಿದ್ದರೆ, ಯಾರಾದರೂ ಒಬ್ಬರು ತಾವಾಗಿಯೇ ಬರುತ್ತಿದ್ದರೇ? ಬರುತ್ತಿದ್ದರು ಎಂದೇ ಅನಿಸುತ್ತದೆ. ಅದನ್ನು ತಿಳಿಯುವ ದಾರಿಯನ್ನೇ ಇವರು ಮುಚ್ಚಿಬಿಟ್ಟರು. ಒಳ್ಳೆಯದಕ್ಕೇ ಮಾಡಿದ್ದು ಎನ್ನುತ್ತಾರೆ. ಇರಬಹುದು. ಒಳ್ಳೆಯದಕ್ಕೆ ಮಾಡಿದ ಮೋಸಕ್ಕೆ ಬೈಯಲು ಕೂಡ ಸರಿಯಾದ ಮಾತು ಸಿಗುವುದಿಲ್ಲ, ಅದೇ ಅದರ ದೊಡ್ಡ ಕಷ್ಟ.

ಪೆಟ್ಟಿಗೆ ಮಾಡುವುದನ್ನು ಬಿಡಲಿಲ್ಲ. ಸುದ್ದಿ ಬಾಯಿಂದ ಬಾಯಿಗೆ ಹೋಗಿ ಅಲ್ಲೊಂದು ಇಲ್ಲೊಂದು ಖರ್ಚಾಗುತ್ತದೆ. ಈ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅರಬೈಲ್ ಘಟ್ಟದ ಕಡೆಯವರೊಬ್ಬರು ವಿಳಾಸ ಕೇಳಿಕೊಂಡು ಬಂದರು. ಅವರ ಬೀಗರ ಮನೆಯಲ್ಲಿ ನನ್ನ ಪೆಟ್ಟಿಗೆ ನೋಡಿದ್ದರಂತೆ. ಜಗುಲಿಯಲ್ಲಿಟ್ಟಿದ್ದ ಹೊಸದನ್ನು ಎತ್ತಿ, ತಿರುಗಿಸಿ, ನಡುವಿನ ಹಲಗೆಯ ಸಂದಿಯಲ್ಲಿ ಬೆರಳಾಡಿಸಿ, "ಅಮ್ಮಾ, ಇಂಥಾ ಪೆಟ್ಟಿಗೆ ನಾ ಎಲ್ಲೂ ಕಾಣ್ಲಿಲ್ಲ" ಎಂದರು. ಊರು, ಕುಲ, ಅಡುಗೆ ಯಾವುದೂ ಗೊತ್ತಿಲ್ಲದ ಮನುಷ್ಯ.

ನಾನು ಅವರ ಮುಖ ನೋಡಲಿಲ್ಲ. ಆರಾಮ ಕುರ್ಚಿಯಲ್ಲಿ ಪೇಪರ್ ಓದುತ್ತ ಕುಳಿತಿದ್ದ ಇವರ ಕಡೆ ತಿರುಗಿದೆ. ನಾನು ಬಾಯಿ ತೆರೆಯುವ ಮೊದಲೇ ಇವರು ಪೇಪರ್ ಕೆಳಗಿಟ್ಟು ಎರಡೂ ಕೈ ಎತ್ತಿದರು. "ದೇವ್ರಾಣೆ ಮಾರಾಯ್ತಿ, ಎಂಗೆ ಇವರ ಗುರ್ತೇ ಇಲ್ಲೆ!"

ಬಂದವರು ಕಕ್ಕಾಬಿಕ್ಕಿಯಾಗಿ ಇಬ್ಬರನ್ನೂ ನೋಡಿದರು. ಪಾಪ, ಅವರು ಹೇಳಿದ್ದು ನಿಜವೇ ಇರಬೇಕು. ಆದರೂ ಒಳಗೆ ಹೋಗಿ ಚಹಾ ಮಾಡಿ ತಂದು, ಲೋಟ ಅವರ ಕೈಗೆ ಕೊಡುವಾಗ ಕೇಳಿಯೇಬಿಟ್ಟೆ:

"ನಮ್ಮನೆಯವರು ನಿಮಗೆ ಯಾವಾಗಿಂದ ಪರಿಚಯ?"